ತೆರೆ ಇಲ್ಲದ ಜಾಗ

ನಮ್ಮ ಸೋದರಮಾವ ಖಾನಾಪುರದವರು. ಮೀಸೆ ಮೂಡುವ ಮೊದಲೇ ಮಲಪ್ರಭೆಯಲ್ಲಿ ಈಜು ಕಲಿತವರಾದ್ದರಿಂದ ಭೂಮಂಡಲದ ಸಮಸ್ತ ನೀರೂ ತಮ್ಮ ಅಧೀನವೆಂದು ತಿಳಿದಿದ್ದರು. ಹೊಳೆಗೆ ಇಳಿಯುವವರಿಗೆ ಅವರು ಕೊಡುತ್ತಿದ್ದ ಉಪದೇಶ ಒಂದೇ: ನೀರು ಸದ್ದು ಮಾಡುವ ಕಡೆ ಕಲ್ಲುಗಳಿರುತ್ತವೆ, ಸುಮ್ಮನಿರುವ ಕಡೆ ಇಳಿಯಿರಿ. ಖಾನಾಪುರದ ಮಟ್ಟಿಗೆ ಅದು ಸರಿಯಾಗಿಯೇ ಇತ್ತು.

ಎಂಬತ್ತರ ದಶಕದ ಆರಂಭದಲ್ಲಿ ಹಿಂದವಾಡಿಯ ನಮ್ಮ ಓಣಿಗೆ ಗೋವಾದ ಹುಚ್ಚು ಹಿಡಿಯಿತು. ದೀಪಾವಳಿ ರಜೆಯಲ್ಲಿ ಒಂದು ಬಾಡಿಗೆ ಟೆಂಪೊ, ಒಂದು ಬುಟ್ಟಿ ಚಪಾತಿ, ಶೇಂಗಾ ಚಟ್ನಿ, ಘಟ್ಟ ಇಳಿಯುವಾಗ ವಾಂತಿಗೆಂದು ಒಂದಿಷ್ಟು ಚೀಲ. ಮಾವ, ಅತ್ತೆ ಖಾನಾಪುರದಲ್ಲಿ ಹತ್ತಿಕೊಂಡರು. ಅಲ್ಲಿಂದ ಮುಂದೆ ದಂಡಯಾತ್ರೆಯ ನಾಯಕತ್ವ ಮಾವನದು.

ಸಮುದ್ರದ ದಂಡೆಯ ಉದ್ದಕ್ಕೂ ತೆರೆಗಳು ಬಿಳಿ ನೊರೆಯೆಬ್ಬಿಸಿ ಒಡೆಯುತ್ತಿದ್ದವು. ಒಂದೇ ಒಂದು ಕಡೆ, ಎರಡು ಟೆಂಪೊ ಅಗಲ, ನೊರೆಯಿಲ್ಲದ ಕಂದು ನೀರು ಸಭ್ಯಸ್ಥರಂತೆ ಸುಮ್ಮನಿತ್ತು. ಮಾವ ಬೆರಳು ತೋರಿಸಿದರು.

"ಹೆಣ್ಮಕ್ಕಳೆಲ್ಲ ಅಲ್ಲೇ ಇಳೀರಿ. ತೆರಿ ಅನ್ನೂದ ಇಲ್ಲ ನೋಡ್ರಿ, ನಮ್ಮ ಹೊಳಿ ಇದ್ಧಂಗ ಐತಿ."

ತೆರೆಗಳು ದಂಡೆಗೆ ತಂದು ಸುರಿದ ನೀರೆಲ್ಲ ಕಡಲಿಗೆ ಮರಳಿ ಹೋಗುವ ಬಾಗಿಲು ಅದೇ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸೊಂಟದ ಮಟ ಹೋಗಿದ್ದ ಅತ್ತೆಯ ಕಾಲಡಿಯ ಮರಳು ಜಾರಿತು. ಕಣ್ಣು ಮಿಟುಕಿಸುವುದರಲ್ಲಿ ಅವರ ತಲೆ ತೆಂಗಿನಕಾಯಿಯಷ್ಟಾಗಿ ದೂರ ಕಾಣಿಸಿತು.

"ನೆಟ್ಟಗ ದಂಡಿಗೆ ಬಾ! ಕೈ ಬಡಿ! ಏ, ಇತ್ತ ಬಾ ಅಂದ್ರ!" ಮಲಪ್ರಭೆಯ ಒಡೆಯರು ಮೊಣಕಾಲುದ್ದ ನೀರಿನಲ್ಲಿ ನಿಂತು ಆಜ್ಞೆ ಹೊರಡಿಸಿದರು.

ಅತ್ತೆಗೆ ಈಜು ಬರುತ್ತಿರಲಿಲ್ಲ, ಹಾಗಾಗಿ ಆಜ್ಞೆ ಪಾಲನೆಯಾಗಲಿಲ್ಲ. ಆ ಸೆಳವಿಗೆ ಎದುರಾಗಿ ನೆಟ್ಟಗೆ ಈಜಿದವರೇ ದಣಿದು ಮುಳುಗುತ್ತಾರೆ, ಅಡ್ಡಕ್ಕೆ ಸರಿದು ಹೊರಬರಬೇಕು ಎಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅತ್ತೆಯ ನೈಲಾನ್ ಸೀರೆ ಗಾಳಿ ತುಂಬಿ ಉಬ್ಬಿತ್ತು. ಅಂಗಾತ ತೇಲಿದರು. ಕಡಲೊಳಗೆ ಅಷ್ಟು ದೂರ ಹೋದ ಮೇಲೆ ಸೆಳವು ಸಡಿಲಾಯಿತು, ಪಕ್ಕದ ತೆರೆಗಳು ಅವರನ್ನು ನೂಕುತ್ತ ತಂದು ಆಚೆಯ ಮರಳಿನ ಮೇಲೆ ಎಸೆದವು. ಜಾಣ್ಮೆಯಲ್ಲ, ಪುಣ್ಯ.

ಓಣಿಯೆಲ್ಲ ಅಲ್ಲಿಗೆ ಓಡಿತು. ಒಬ್ಬರು ಉಳ್ಳಾಗಡ್ಡಿ ಒಡೆದು ಅವರ ಮೂಗಿಗೆ ಹಿಡಿದರು. ಒಬ್ಬರು, "ಬಂಗಾರದ ಬೋರಮಾಳ ಕೊಳ್ಳಾಗ ಐತೇನ ನೋಡ್ರಿ ಮೊದಲ" ಎಂದರು. ಇನ್ನೊಬ್ಬರು ಈ ಎಲ್ಲವನ್ನೂ ಚಪಾತಿ ಸುರುಳಿ ಅಗಿಯುತ್ತಲೇ ನೋಡಿದರು. ಅತ್ತೆ ಉಪ್ಪುನೀರು ಕಾರುತ್ತಿದ್ದರು. ಅಸಹ್ಯ ಹುಟ್ಟಿಸಿದ್ದು ಆ ನೀರಲ್ಲ.

ಮರಳುವಾಗ ಖಾನಾಪುರದಲ್ಲಿ ಚಹಾಕ್ಕೆ ನಿಂತೆವು. ಮಾವ ಬಸಿಯಲ್ಲಿ ಚಹಾ ಆರಿಸುತ್ತ ತೀರ್ಪು ಕೊಟ್ಟರು. "ಜಾಗಾ ಚೊಲೋನ ಇತ್ತು. ಈಕೀನ ಹೆದರಿ ಕಾಲು ಬಿಟ್ಲು."

"ಖರೇ ಐತ್ರಿ. ನೀವು ಇದ್ರಿ ಅಂತ ಉಳದ್ರು" ಎಂದಿತು ಓಣಿ.

ಅತ್ತೆ ಬಸಿ ಕೆಳಗಿಟ್ಟು, ಹೊರಗೆ ಹೋಗಿ, ಮತ್ತೊಮ್ಮೆ ವಾಂತಿ ಮಾಡಿಕೊಂಡು ಬಂದರು. ಆ ಮಾತಿಗೆ ಅದಕ್ಕಿಂತ ತಕ್ಕ ಉತ್ತರ ನನಗೂ ಹೊಳೆದಿರಲಿಲ್ಲ.

ಮರುವರ್ಷ ಮತ್ತೆ ಟೆಂಪೊ, ಅದೇ ನಾಯಕರು. ಅತ್ತೆ ಬರುವುದಿಲ್ಲವೆಂದು ಎಲ್ಲರೂ ತಿಳಿದಿದ್ದರು. ಟೆಂಪೊ ಖಾನಾಪುರ ಮುಟ್ಟುವ ಮೊದಲೇ ಅವರು ಎಲ್ಲರ ಬುತ್ತಿಯ ಬುಟ್ಟಿ ಹಿಡಿದು ದಾರಿಯಲ್ಲಿ ನಿಂತಿದ್ದರು. ಸುಮ್ಮನಿರುವ ನೀರು ಈ ಸಲ ದಂಡೆಯ ಇನ್ನೊಂದು ಕಡೆಗೆ ಸರಿದಿತ್ತು. ಮಾವ ಅದನ್ನು ಹುಡುಕಿ ಬೆರಳೆತ್ತುವಷ್ಟರಲ್ಲಿ ಅತ್ತೆ ಅದರ ಎದುರಿಗೇ ಜಮಖಾನ ಹಾಸಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟರು.

"ಅತ್ತಿ, ಇಲ್ಲ್ಯಾಕ ಕುಂತ್ರಿ?" ಎಂದೆ.

"ತೆರಿ ಒಡಿಯೋ ಕಡೆ ಹೋಗ್ರಿ, ಮೊಣಕಾಲ ಮಟ ಅಷ್ಟ. ಇಲ್ಲಿ ಇಳಿದವರಿಗೆ ಊಟ ಇಲ್ಲ."

ಓಣಿ ತಲೆಬಾಗಿತು. ವಿವೇಕಕ್ಕಲ್ಲ, ಬುಟ್ಟಿಗೆ.

"ಆಕಿಗೆ ನೀರಂದ್ರ ಅಂಜಿಕಿ ಹೊಕ್ಕೇತಿ" ಎಂದು ಮಾವ ಎಲ್ಲರೆದುರು ನಕ್ಕರು.

"ಹೌದು. ನಿಮಗಿಲ್ಲಲ್ಲ, ಅದಕ್ಕ ಕುಂತೀನಿ."

ಮಧ್ಯಾಹ್ನದವರೆಗೆ ನೀರು ಜಮಖಾನದ ಅಂಚನ್ನು ತೋಯಿಸುತ್ತಲೇ ಇತ್ತು. ಅತ್ತೆ ಏಳಲಿಲ್ಲ.