ಷಡ್ಡಕನ ಕಾರಿನ ಕ್ಲಚ್ಚು

ಆ ಕಪ್ಪು ಕಾರನ್ನು ಮೊದಲು ನೋಡಿದವನು ನಾನು. ಆರ್.ಟಿ. ನಗರದ ಹಿರಿಯರೊಬ್ಬರ ಮನೆಯಲ್ಲಿ ನಿಂತಿತ್ತು, ನಮ್ಮ ತಾತನ ಕಾಲದ್ದು. ಯಶವಂತಪುರದಲ್ಲಿ ಹಳೇ ಮೇಜು ಕುರ್ಚಿ ಕೊಂಡು ಮಾರಿಯೇ ಮೇಲೆ ಬಂದ ನನಗೆ ಚೌಕಾಸಿ ಹೊಸದಲ್ಲ. ಅವರು ಬೆಲೆ ಇಳಿಸದಿದ್ದಾಗ, ಕೂಗಿ ಕರೆದೇ ಕರೆಯುತ್ತಾರೆಂದು ಎದ್ದು ಗೇಟಿನವರೆಗೆ ನಡೆದೆ. ಕರೆಯಲಿಲ್ಲ. ಅದೇ ವಾರ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅವರು ಹೇಳಿದ ಬೆಲೆಗೇ ತಲೆಯಾಡಿಸಿ ಕಾರನ್ನು ಬ್ಯಾಟರಾಯನಪುರದ ತನ್ನ ಮನೆಗೆ ತಂದ. ನನ್ನ ಮಾತು ಕೇಳಿ: ವ್ಯಾಪಾರದಲ್ಲಿ ಎದ್ದು ಹೋಗುವ ಮೊದಲು ಹಿಂದೆ ಯಾರಿದ್ದಾರೆಂದು ನೋಡಿಕೊಳ್ಳಿ.

ತಂದವನು ಓಡಿಸಲಿಲ್ಲ. ಗೀರು ಬಿದ್ದೀತೆಂಬ ಭಯ. ಪ್ರತಿ ಶುಕ್ರವಾರ ಪೈಪು ಹಿಡಿದು ಅಡಿಭಾಗವನ್ನೂ ತೊಳೆದು, ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸುತ್ತಿದ್ದ. ಬೀದಿಯವರೆಲ್ಲ ಅದರ ಪಕ್ಕ ಫೋಟೊ ತೆಗೆಸಿಕೊಳ್ಳುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟು ನೆಂಟರೆಲ್ಲ ಕಾದರು. ಎಂಜಿನ್ ಶುರುವಾಯಿತು. ಕ್ಲಚ್ ಎಷ್ಟು ಒತ್ತಿದರೂ ಗೇರು ಬೀಳಲಿಲ್ಲ, ಕರಕರ ಎಂದಿತು.

"ತಳ್ಬಿಡೋಣ ಬಿಡಿ ಭಾವ," ಎಂದ ನಮ್ಮಿಬ್ಬರ ಭಾಮೈದ.

"ತಳ್ಳಿದ್ರೆ ಪೂಜೆ ಆಯ್ತೇನೋ? ತಾನಾಗೇ ತುಳೀಬೇಕು," ಎಂದು ಅತ್ತೆ ಗದರಿದರು.

ಷಡ್ಡಕ ನನ್ನನ್ನು ಪಕ್ಕಕ್ಕೆ ಕರೆದ. "ಅಣ್ಣಾ, ನನ್ ಕೈಲಿ ಆಗಲ್ಲ. ಇವತ್ತು ಹೊರಡ್ಲಿಲ್ಲ ಅಂದ್ರೆ ನೀನೇ ತಗೊಂಡ್ಹೋಗ್ಬಿಡು."

ಸುಮ್ಮನಿದ್ದರೆ ಸಾಕಿತ್ತು, ಕಾರು ನನ್ನದು. ರೋಗವೂ ಗೊತ್ತಿತ್ತು; ಸಾಮಾನು ಸಾಗಿಸುವ ನನ್ನ ಟೆಂಪೋಗೂ ಒಮ್ಮೆ ಹೀಗೇ ಆಗಿತ್ತು. ಶುಕ್ರವಾರದ ನೀರಿಗೆ ತುಕ್ಕು ಹಿಡಿದು ಕ್ಲಚ್ ಪ್ಲೇಟು ಒಳಗೇ ಅಂಟಿಕೊಂಡಿತ್ತು. ಅಷ್ಟರಲ್ಲಿ ಭಾಮೈದ ಸುತ್ತಿಗೆ ಹಿಡಿದು ಕಾರಿನಡಿ ತೂರಿದ. ನನ್ನದಾಗಲಿರುವ ಕಾರಿಗೆ ಸುತ್ತಿಗೆ!

"ಏಯ್, ಬಿಸಾಕೋ ಅದನ್ನ!" ಬಾಯಿ ನಿಲ್ಲಲಿಲ್ಲ. "ಮುಂದಿನ ಚಕ್ರಕ್ಕೆ ಕಲ್ಲು ಕೊಡು, ಹಿಂದಿನವು ಎರಡೂ ಜಾಕಲ್ಲಿ ಎತ್ತು. ಗೇರಲ್ಲಿಟ್ಟೇ ಶುರು ಮಾಡು. ಚೆನ್ನಾಗಿ ಬಿಸಿಯಾದ್ಮೇಲೆ ಕ್ಲಚ್ ಪೂರ್ತಿ ಒತ್ಕೊಂಡು ಬ್ರೇಕ್ ಜಾಡಿಸಿ ತುಳಿ."

ಹೇಳಿದಂತೆ ಮಾಡಿದರು. ಮೂರನೇ ಸಲಕ್ಕೆ ಒಳಗೆ ಟಪ್ಪೆಂದಿತು, ಪ್ಲೇಟು ಬಿಟ್ಟಿತು. ಕಾರು ಇಳಿಸಿ ಕಲ್ಲು ತೆಗೆದರು; ಷಡ್ಡಕ ಗೇರು ಹಾಕಿ ಮುಂದೆ ಬಿಟ್ಟ, ನಿಂಬೆಹಣ್ಣುಗಳು ಪಚಕ್ಕೆಂದವು. ಎಲ್ಲರೂ ಷಡ್ಡಕನ ಬೆನ್ನು ತಟ್ಟಿದರು.

ಬಾಗಲೂರಿನ ಕಡೆಗೆ ಒಂದು ಸುತ್ತು ಹೊರಟಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಬೈಕಿನವರು ಅವನಿಗೆ ಕೈ ಬೀಸುತ್ತಿದ್ದರು.

"ಮಾರೋದಾದ್ರೆ ಮೊದ್ಲು ನಂಗೇ ಹೇಳು," ಎಂದೆ.

"ಇನ್ಯಾಕಣ್ಣ ಮಾರ್ಲಿ? ಕೆಟ್ರೆ ನೀನಿದ್ದೀಯಲ್ಲ," ಎಂದು ಗೇರು ಬದಲಿಸಿದ. ಬೆಣ್ಣೆಯಂತೆ ಬಿತ್ತು.