ಅಕ್ಕ ಬರೆಯದ ಹನ್ನೊಂದನೆಯ ಕವಿತೆ

ನನ್ನ ಬಲಗೈಯ ಮೂರು ಬೆರಳು ಹೋದದ್ದು ಬೈಲಹೊಂಗಲದ ಒಂದು ಸಣ್ಣ ಪ್ರೆಸ್ಸಿನಲ್ಲಿ, ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಆಗ ನನಗೆ ಇಪ್ಪತ್ತೆರಡು ವರ್ಷ. ಮೊಳೆ ಜೋಡಿಸುವುದು ನನ್ನ ಕೆಲಸ. ಸೀಸದ ಅಕ್ಷರಗಳನ್ನು ಮರದ ಖಾನೆಗಳಿಂದ ಒಂದೊಂದಾಗಿ ಆಯ್ದು ಸಾಲು ಕಟ್ಟಬೇಕು. ಪೇಟೆಯ ಹತ್ತಿ ಅಂಗಡಿಗಳ ಚೀಟಿ, ಮಠದ ಪುರಾಣದ ಕರಪತ್ರ, ಮದುವೆ ಪತ್ರಿಕೆ ಎಲ್ಲವೂ ನನ್ನ ಕೈ ದಾಟಿಯೇ ಹೋಗುತ್ತಿದ್ದವು. ಬಿಡುವು ಸಿಕ್ಕಾಗ ನನ್ನದೇ ಕವಿತೆಯ ನಾಲ್ಕು ಸಾಲು ಜೋಡಿಸಿ, ಒಂದೇ ಒಂದು ಪ್ರತಿ ಒತ್ತಿ ನೋಡಿ, ಮೊಳೆಗಳನ್ನು ಮತ್ತೆ ಖಾನೆಗೆ ಹಾಕಿಬಿಡುತ್ತಿದ್ದೆ.

ಅವತ್ತು ಯಂತ್ರ ನಡೆಸುವವರು ಬಂದಿರಲಿಲ್ಲ. ಮದುವೆ ಪತ್ರಿಕೆ ಸಂಜೆಯೊಳಗೆ ಬೇಕಾಗಿತ್ತು. ಯಾರೂ ಹೇಳದಿದ್ದರೂ ನಾನೇ ಟ್ರೆಡಲ್ ಯಂತ್ರದ ಮುಂದೆ ನಿಂತೆ. ಕಾಲಿನಿಂದ ತುಳಿಯುತ್ತ ಕೈಯಿಂದ ಕಾಗದ ಇಡುತ್ತ ಹೋದೆ. ಒಂದು ಕಾಗದ ವಾರೆಯಾಗಿ ಕೂತಿತು. ಸರಿ ಮಾಡಲು ಕೈ ಹಾಕಿದೆ, ಆದರೆ ಕಾಲು ನಿಲ್ಲಿಸಲಿಲ್ಲ. ಅಷ್ಟೇ ಆದದ್ದು. ತಪ್ಪು ನನ್ನದೇ. ದವಾಖಾನೆಯಲ್ಲಿ ಎಚ್ಚರವಾದಾಗ ಹೆಬ್ಬೆರಳು, ಕಿರುಬೆರಳು ಉಳಿದಿದ್ದವು. ನಡುವೆ ಬರೀ ಬಟ್ಟೆಯ ಉಂಡೆ.

ತಾಯಿ ತಂದೆ ಇಬ್ಬರೂ ಇರಲಿಲ್ಲ. ಮುರಗೋಡದಲ್ಲಿದ್ದ ಅಕ್ಕ ಬಂದು, ಬಸ್ಸಿನಲ್ಲಿ ನನ್ನನ್ನು ತನ್ನ ಮನೆಗೆ ಕರೆದೊಯ್ದಳು. ಅವಳ ಗಂಡ ಗೋಡೆ ಕಟ್ಟುವ ಗೌಂಡಿ. ಬೆಳಿಗ್ಗೆ ಕರಣಿ ಹಿಡಿದು ಹೋದರೆ ಬರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಮಗಳು ಶಾಲೆಯಲ್ಲಿ ಎರಡನೆಯ ಇಯತ್ತೆ. ಎರಡು ಖೋಲಿಯ ಮನೆಯಲ್ಲಿ ಒಂದನ್ನು ನನಗೆ ಬಿಟ್ಟುಕೊಟ್ಟರು.

ಎಡಗೈಯಲ್ಲಿ ಊಟ ಮಾಡಲು ನಾನು ಒಪ್ಪಲಿಲ್ಲ. ಅಸಹ್ಯವೆನಿಸುತ್ತಿತ್ತು. ಅಕ್ಕ ರೊಟ್ಟಿ ಮುರಿದು, ಪಲ್ಯ ಹಚ್ಚಿ ನನ್ನ ಬಾಯಿಗಿಡುತ್ತಿದ್ದಳು. ಮೀಸೆ ಬಂದ ಗಂಡಸು ನಾನು, ಗೋಡೆಯ ಕಡೆ ನೋಡುತ್ತ ಅಗಿಯುತ್ತಿದ್ದೆ.

ಒಂದು ತಿಂಗಳು ಕಳೆದ ಮೇಲೆ ತಲೆಯಲ್ಲಿ ಕವಿತೆಗಳು ಶುರುವಾದವು. ಬರೆಯಲು ಕೈ ಇರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು ಕೂತ ಅಕ್ಕನಿಗೆ, "ನಾ ಹೇಳತೇನಿ, ನೀ ಬರಕೊಳ್ಳತೀ ಏನು?" ಎಂದೆ. ಅವಳು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಮಗಳ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ತೆಗೆದುಕೊಂಡು ಕೂತಳು. ದುಃಖ ಎಂದು ನಾನು ಹೇಳಿದರೆ ದುಕ್ಕ ಎಂದು ಬರೆಯುತ್ತಿದ್ದಳು. ಮೊಳೆ ಜೋಡಿಸುವವನ ಕಣ್ಣು ನನ್ನದು, ಸುಮ್ಮನಿರಲಾಗಲಿಲ್ಲ.

"ಅಕ್ಕಾ, ನಡುವ ಎರಡು ಚುಕ್ಕಿ ಬರತಾವು."

"ಚುಕ್ಕಿ ಹಾಕಿದರ ಅದು ಕಡಿಮಿ ಆಗತದೇನು?" ಎಂದವಳೇ ಮುಂದಿನ ಸಾಲಿಗೆ ಕಾದಳು.

ಹೀಗೆ ಹತ್ತು ಕವಿತೆ ಬರೆದಳು. ಎಲ್ಲದರಲ್ಲೂ ಕತ್ತಲೆ, ಮುರಿದ ಕೊಂಬೆ, ಒಂಟಿ ದಾರಿ. ಹನ್ನೊಂದನೆಯದನ್ನು ಎರಡು ಸಾಲು ಹೇಳಿದ್ದೆನಷ್ಟೆ, ಅಕ್ಕ ಪೆನ್ನು ಕೆಳಗಿಟ್ಟಳು.

"ಇದನ್ನ ನಾ ಬರಿಯೂದಿಲ್ಲ ತಮ್ಮಾ."

"ಯಾಕ?"

"ಹತ್ತು ಬರದೆ. ಒಂದರಾಗೂ ಮತ್ತೊಬ್ಬರು ಬರಲಿಲ್ಲ. ಎಲ್ಲಾ ಕಡೆ ನೀ ಒಬ್ಬನ ಇದ್ದಿ. ಹ್ವಾದ ವಾರ ನಿನ್ನ ಸೊಸಿಗೆ ನಾಕು ದಿನಾ ಜ್ವರಾ ಬಂದಿದ್ದವು. ಗೊತ್ತೈತೇನು ನಿನಗ?"

ಗೊತ್ತಿರಲಿಲ್ಲ. ಪಕ್ಕದ ಖೋಲಿಯಲ್ಲಿ ನಾಲ್ಕು ದಿನ ಮಲಗಿದ್ದ ಅಕ್ಕನ ಮಗಳ ನರಳಾಟ ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಅಕ್ಕ ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಎದ್ದು ಹೋಗಿ, ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯತೊಡಗಿದಳು. ನಾನು ಬಹಳ ಹೊತ್ತು ಆ ನೋಟುಬುಕ್ಕನ್ನೇ ನೋಡುತ್ತ ಕೂತೆ. ಅವಳ ಅಕ್ಷರಗಳು ಬರಬರುತ್ತ ಗುಂಡಗಾಗಿದ್ದವು. ನನ್ನ ಕವಿತೆ ಇದ್ದಲ್ಲೇ ಇತ್ತು.

ಮರುದಿನ ಸೊಸೆ ಬರೆಯಲು ಪಾಟಿ ಹಿಡಿದು ಕೂತಾಗ ಅವಳ ಪಕ್ಕದಲ್ಲಿ ಕೂತೆ. ಎಡಗೈಯಲ್ಲಿ ಪೆನ್ಸಿಲು ಹಿಡಿದು ಅ ಬರೆದೆ. ಅದು ಮುದ್ದೆಯಾಗಿ ಬಂತು. "ಮಾಮಾ, ಹೊಟ್ಟಿ ಕೆಳಗ ಬರಬೇಕು" ಎಂದು ಅವಳು ತಿದ್ದಿದಳು. ಆ ಮಧ್ಯಾಹ್ನ ಅಕ್ಕ ತಾಟು ತಂದು ಮುಂದಿಟ್ಟು, ನೀರಿಗೆ ಹೋಗಿಬರುತ್ತೇನೆ ಎಂದು ಕೊಡ ತೆಗೆದುಕೊಂಡು ಹೊರಟಳು. ಬೇಕೆಂದೇ ಹೋದಳೆಂದು ಈಗ ಅನ್ನಿಸುತ್ತದೆ. ರೊಟ್ಟಿಯನ್ನು ಬಲಗೈಯ ಮುಂಗೈಯಿಂದ ಅದುಮಿ ಹಿಡಿದು, ಎಡಗೈಯಿಂದ ಹರಿದು ಉಂಡೆ. ಅರ್ಧ ನೆಲದ ಮೇಲೆ ಬಿತ್ತು. ಅವಳು ಬರುವಷ್ಟರಲ್ಲಿ ಒರೆಸಿಟ್ಟೆ.

ಆ ಮಳೆಗಾಲವಿಡೀ ಒಂದು ಕತೆ ಬರೆದೆ. ಕವಿತೆಯಲ್ಲಿ ಜನರನ್ನು ಹೇಗೆ ಕರೆತರಬೇಕೋ ನನಗೆ ತಿಳಿಯಲಿಲ್ಲ, ಅದಕ್ಕೇ ಕತೆ. ಕೈ ಕಳೆದುಕೊಂಡ ತಮ್ಮ, ಅವನನ್ನು ನೋಡಿಕೊಳ್ಳುವ ಅಕ್ಕ, ಅವಳ ಗಂಡ, ಜ್ವರ ಬಂದ ಮಗಳು. ಎಡಗೈಯಲ್ಲಿ ದಿನಕ್ಕೆ ಏಳೆಂಟು ಸಾಲಿನ ಮೇಲೆ ಸಾಗುತ್ತಿರಲಿಲ್ಲ. ಮುಗಿದ ದಿನ ಅಕ್ಕನನ್ನು ಕೂಡಿಸಿಕೊಂಡು ಓದಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳಿದಳು. ಓದು ಮುಗಿದರೂ ಕೈ ನಿಲ್ಲಲಿಲ್ಲ.

"ಹೆಂಗಾಗೈತಿ?" ಎಂದೆ.

"ಛಲೋ ಆಗೈತಿ. ಆದರ ಆ ಹೆಣ್ಣಮಗಳು ಅಷ್ಟ ಛಲೋ ಇರಲಿಲ್ಲ."

"ಅಂದರ?"

ಅವಳು ಒಂದು ಹರಳು ಆರಿಸಿ ಬಾಗಿಲಾಚೆ ಎಸೆದಳು. "ಆಕಿಗೂ ಒಮ್ಮೊಮ್ಮೆ ಸಾಕಾಗಿತ್ತು. ಕೂಸು ಜ್ವರದಾಗ ಮಲಗಿದಾಗ ನಿನಗ ತುತ್ತು ಹಾಕಾಕ ಬಂದೆ. ನೀ ಮಾರಿ ತಿರುವಿ ಕುಂತಿದ್ದಿ. ಇವನು ಎಲ್ಲಿಗಾರ ಹ್ವಾದರ ಸಾಕಪ್ಪಾ ಅನಿಸಿತು ನನಗ. ಅನಿಸಿದ್ದು ಖರೆ. ಅದನ್ನೂ ಬರಿ."

ಅವಳ ಕಣ್ಣಲ್ಲಿ ನೀರಿತ್ತು, ಆದರೆ ಮೊರದ ಕೆಲಸ ಬಿಡಲಿಲ್ಲ. ನನ್ನ ಕತೆಯ ಅಕ್ಕನಿಗೆ ದಣಿವೇ ಇರಲಿಲ್ಲ. ನಾನು ಅವಳನ್ನು ದೇವರ ಜಗಲಿಯ ಮೇಲೆ ಕೂಡಿಸಿಬಿಟ್ಟಿದ್ದೆ. ಮೊದಲು ಅವಳನ್ನು ನೋಡಲೇ ಇಲ್ಲ, ಆಮೇಲೆ ನೋಡಿದರೂ ನೆಟ್ಟಗೆ ನೋಡಲಿಲ್ಲ. ಕತೆಯನ್ನು ಮತ್ತೆ ಬರೆಯಲು ಹದಿನೈದು ದಿನ ಬೇಕಾಯಿತು. ಅವಳು ಹೇಳಿದ ಮಾತನ್ನು ಹೇಳಿದಂತೆಯೇ ಇಟ್ಟೆ.

ದಸರೆಯ ಹೊತ್ತಿಗೆ ಬೈಲಹೊಂಗಲಕ್ಕೆ ಮರಳಿದೆ. ಪ್ರೆಸ್ಸಿನ ಮಾಲಕರು ನನ್ನ ಕೈ ನೋಡಿ, "ತಪ್ಪು ಹಿಡಿಯಾಕ ಕಣ್ಣು ಇದ್ದರ ಸಾಕು, ಕುಂದ್ರು" ಎಂದು ಪ್ರೂಫ್ ಹಾಳೆಗಳನ್ನು ಮುಂದಿಟ್ಟರು. ಯಂತ್ರ ಶುರುವಾದರೆ ಮೊದಮೊದಲು ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಅದು ಎಂದು ನಿಂತಿತೋ ನನಗೆ ನೆನಪಿಲ್ಲ. ಬೆರಳು ಮತ್ತೆ ಬರುವುದಿಲ್ಲ ಎಂಬುದನ್ನೂ ಒಂದು ದಿನ ಕೂತು ಒಪ್ಪಿಕೊಂಡೆನೆಂದಲ್ಲ. ಅಂಗಿಯ ಗುಂಡಿ ಹಾಕುತ್ತ, ಸೈಕಲ್ಲು ಹಿಡಿಯುತ್ತ, ಸಂತೆಯ ಚೀಲ ಹೊರುತ್ತ ಅದು ನಿಧಾನಕ್ಕೆ ಆಯಿತು.

ಕತೆ ಮರುವರ್ಷ ಒಂದು ವಾರಪತ್ರಿಕೆಯಲ್ಲಿ ಬಂತು. ಆಮೇಲೆ ಸವದತ್ತಿಯಿಂದ ಒಂದು ಪೋಸ್ಟ್ ಕಾರ್ಡು ಬಂತು. ಬರೆದವರು ನನಗೆ ಪರಿಚಯವಿಲ್ಲದ ಒಬ್ಬ ಹೆಣ್ಣುಮಗಳು. ಹಾಸಿಗೆ ಹಿಡಿದ ಅತ್ತೆಯನ್ನು ಏಳು ವರ್ಷ ನೋಡಿಕೊಂಡವರಂತೆ. ತಮಗೂ ಸಾಕಾಗಿತ್ತೆಂದು ಯಾರ ಮುಂದೆಯೂ ಹೇಳಿರಲಿಲ್ಲ, ಕತೆ ಓದಿದ ಮೇಲೆ ಒಬ್ಬರೇ ಕೂತು ಅತ್ತದ್ದಾಗಿ ಬರೆದಿದ್ದರು.

ಆ ಕಾರ್ಡನ್ನು ಮುರಗೋಡಕ್ಕೆ ಒಯ್ದು ಅಕ್ಕನಿಗೆ ಓದಿ ತೋರಿಸಿದೆ. ಅವಳು ಎರಡನೆಯ ಸಲ ಓದಿಸಿದಳು.

"ಉತ್ತರಾ ಬರದಿ ಏನು?"

"ಇನ್ನೂ ಇಲ್ಲ."

"ಇಲ್ಲೇ ಕುಂತು ಬರಿ. ಆಕಿ ಹಾದಿ ನೋಡತಿರತಾಳ."

ಸೊಸೆ ಓಡಿಹೋಗಿ ಅಂಚೆ ಕಚೇರಿಯಿಂದ ಕಾರ್ಡು ತಂದಳು. ಎಡಗೈಯ ಅಕ್ಷರ ದೊಡ್ಡವು, ಕಾರ್ಡು ಸಣ್ಣದು. ನಮ್ಮ ಅಕ್ಕ ನಿಮ್ಮನ್ನು ಕೇಳಿದ್ದಾಳೆ, ಈ ಕಡೆ ಬಂದರೆ ನಮ್ಮ ಮನೆಗೆ ಬನ್ನಿ ಎಂದು ಬರೆಯುವಷ್ಟರಲ್ಲಿ ಜಾಗ ಮುಗಿಯಿತು.