ಹೆಳವ ಹೇಳದ ಹೆಸರು

ಆಗೆಲ್ಲ ನಮ್ಮ ತುಕ್ಕಾನಟ್ಟಿಯಲ್ಲಿ ಜೋಳದ ರಾಶಿ ಮುಗಿಯುವುದಕ್ಕೂ ಹೆಳವ ಬರುವುದಕ್ಕೂ ಸರಿಹೋಗುತ್ತಿತ್ತು. ಮೈಗೆಲ್ಲ ಜೋಳದ ಸುಂಕು ಹತ್ತಿ ತುರಿಸಿಕೊಳ್ಳುತ್ತಲೇ ನಾವು ಹುಡುಗಿಯರು ತೆನೆ ಬಡಿದುಳಿದ ರವದಿಯ ಗುಡ್ಡೆಯ ಮೇಲೆ ಜಿಗಿದಾಡುತ್ತಿದ್ದೆವು. ದೂರದಲ್ಲಿ ಅವನ ಗಂಟೆಯ ಸದ್ದು ಕೇಳಿತೋ, ಆಟ ಬಿಟ್ಟು ಮನೆಗೆ ಓಡುವುದೇ. ಎತ್ತಿನ ಮೇಲೆ ಕೂತು ಬರುವ ಆ ಮನುಷ್ಯನಿಗೆ ಪ್ರತಿ ಮನೆತನದ ಮೂಲವೂ ಬಾಯಲ್ಲೇ ಇತ್ತು: ಯಾವ ಊರು ಬಿಟ್ಟರು, ಯಾಕೆ ಬಿಟ್ಟರು, ಯಾರಿಗೆ ಯಾರು ಹುಟ್ಟಿದರು. ಅವನು ಬಂದ ದಿನ ನಮ್ಮಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಇಡೀ ಓಣಿಗೆ ಅದರ ವಾಸನೆ.

ಆ ವರ್ಷ ನನಗೆ ಎಂಟೋ ಒಂಬತ್ತೋ. ಹೆಳವ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತು, ನಮ್ಮ ಮನೆತನದ ಗಂಡಸರನ್ನು ಒಬ್ಬೊಬ್ಬರಾಗಿ ಹೆಸರಿಸುತ್ತ ಕೊನೆಗೆ ನಮ್ಮಪ್ಪ ಬಸಪ್ಪನಿಗೆ ಬಂದ. ಬೆಲ್ಲದ ಬಾಗೇವಾಡಿಯಲ್ಲಿ ಪ್ಲೇಗು ಬಂದಾಗ ಬಸಪ್ಪನು ಊರು ಬಿಟ್ಟ, ಚಕ್ಕಡಿ ಹೂಡಿದ, ತುಕ್ಕಾನಟ್ಟಿಗೆ ಬಂದು ಜಾಲಿ ಕಡಿದು ಹೊಲ ಮಾಡಿದ ಎಂದು ರಾಗವಾಗಿ ಹೇಳಿದ. ಅಪ್ಪ ಮೀಸೆ ತಿರುವುತ್ತ ಕೇಳುತ್ತಿದ್ದ.

ಪ್ಲೇಗಿನ ಹೊತ್ತಿಗೆ ಅಪ್ಪ ಮೊಲೆ ಕುಡಿಯುವ ಕೂಸು! ಗಂಡನನ್ನೂ ತವರಿನವರನ್ನೂ ಮಣ್ಣು ಮಾಡಿ, ಕೂಸನ್ನು ಬಗಲಲ್ಲಿ ಕಟ್ಟಿಕೊಂಡು ಚಕ್ಕಡಿ ಹೊಡೆದವಳು ಅಪ್ಪನ ತಾಯಿ, ನಮ್ಮ ಆಯಿ. ಜಾಲಿ ಕಡಿದವಳೂ ಅವಳೇ. ಅವಳ ಅಂಗೈಯೊಳಗೆ ಮುರಿದು ಕೂತಿದ್ದ ಮುಳ್ಳನ್ನು ನಾನೇ ಎಷ್ಟೋ ಸಲ ಮುಟ್ಟಿ ನೋಡಿದ್ದೆ. ನನಗೆ ಮೈಯೆಲ್ಲ ಉರಿಯಿತು.

"ಚಕ್ಕಡಿ ಹೊಡದಾಕಿ ಆಯಿ. ಅಪ್ಪ ಆವಾಗ ಕೂಸು ಇದ್ದ," ಎಂದೆ.

ಹೆಳವನಿಗೆ ಸಿಟ್ಟೇನೂ ಬರಲಿಲ್ಲ. ಹೆಣ್ಣುಮಕ್ಕಳ ಹೆಸರು ಹೇಳುವ ಪದ್ಧತಿ ಇಲ್ಲ ತಂಗಿ, ವಂಶ ಗಂಡಸಿನ ಹೆಸರಿನಿಂದ ನಡೆಯುತ್ತದೆ ಎಂದು ಸಮಾಧಾನ ಮಾಡಿದ.

ಮೊರದ ತುಂಬ ಜೋಳ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಯಿ ಆಗ ಬಾಯಿ ತೆರೆದಳು. ಗಂಡಸರ ನಡುವೆ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಒಂದ ಸಲ ನನ್ನ ಹೆಸರೂ ಹೇಳ್ರಿ. ಕಿವಿಲೆ ಕೇಳಿ ಹೋಗ್ತೇನಿ."

ಹೆಳವ ಅಪ್ಪನ ಮುಖ ನೋಡಿದ. ಅಪ್ಪ ಹೂಂ ಅಂದಿದ್ದರೆ ಅವಳನ್ನೇ ಕೇಳಿಕೊಂಡು ಹೇಳಿಯೇ ಬಿಡುತ್ತಿದ್ದ.

"ಸುಮ್ನ ಒಳಗ ಹೋಗವ್ವ, ಮಂದಿ ನಗ್ತಾರ," ಎಂದ ಅಪ್ಪ.

ಬದುಕಿಸಿ ತಂದವಳಿಗೆ ಈ ಮಾತು! ಆಯಿ ಜೋಳವನ್ನು ಹೆಳವನ ಚೀಲಕ್ಕೆ ಸುರಿದು ಒಳಗೆ ಹೋದಳು. ಆ ದಿನ ನಾನು ಎಣ್ಣೆಗಾಯಿ ಮುಟ್ಟಲಿಲ್ಲ. ಅಪ್ಪ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡ.

ಮುಂದಿನ ಸುಗ್ಗಿಗೆ ಆಯಿ ಇರಲಿಲ್ಲ. ಹೆಳವ ಬಂದಾಗ ಅಪ್ಪ ತಾನಾಗಿಯೇ ಕೈ ಜೋಡಿಸಿ, ಅವ್ವನ ಹೆಸರು ಸೇರಿಸಿ ಹೇಳಿ ಎಂದು ಬೇಡಿಕೊಂಡ. ಸತ್ತ ಮೇಲೆ ಬಂದ ಬುದ್ಧಿ! ಹೆಳವ ತಕರಾರಿಲ್ಲದೆ ಒಪ್ಪಿದ.

"ಹೇಳೋಣಂತ ಬಸಪ್ಪನವರ. ಅವರ ಹೆಸರೇನ್ರಿ? ತವರಮನಿ ಯಾವುದು?"

ಹೆಸರು ಗೊತ್ತಿಲ್ಲದ ಅಪ್ಪ ನನ್ನ ತಾಯಿಯನ್ನು ಕೇಳಿದ, ಓಣಿಯವರನ್ನು ಕೇಳಿದ. ಅವನಿಗೆ ಅವಳು ಅವ್ವ. ನನ್ನ ತಾಯಿಗೆ ಅತ್ತಿ, ಓಣಿಯವರಿಗೆ ಬಸಪ್ಪನ ಅವ್ವ. ಹೆಸರು ಹಿಡಿದು ಅವಳನ್ನು ಕರೆದವರು ಈ ಊರಲ್ಲಿ ಯಾರೂ ಇರಲಿಲ್ಲ. ಅಪ್ಪ ಚಕ್ಕಡಿ ಕಟ್ಟಿಕೊಂಡು ಬಾಗೇವಾಡಿಗೂ ಹೋಗಿ ವಿಚಾರಿಸಿ ಬಂದ. ಬಲ್ಲವರೆಲ್ಲ ಪ್ಲೇಗಿನಲ್ಲೇ ಹೋಗಿದ್ದರು.

ಈಗ ರಾಶಿಯನ್ನು ಯಂತ್ರ ಮಾಡುತ್ತದೆ, ರವದಿಯಲ್ಲಿ ಜಿಗಿಯುವ ಹುಡುಗಿಯರಿಲ್ಲ, ಹೆಳವರು ನಮ್ಮ ಓಣಿಗೆ ಬರುವುದು ನಿಂತು ಎಷ್ಟೋ ಕಾಲವಾಯಿತು. ನಾವು ಎಲ್ಲಿಂದ ಬಂದೆವೆಂದು ಹೇಳುವವರೇ ಇಲ್ಲವಾದರು ಎಂದು ನನ್ನ ತಮ್ಮ ಮರುಗುತ್ತಾನೆ. ನನಗೂ ಸಂಕಟವಾಗುತ್ತದೆ. ಆದರೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚು. ಹೆಳವ ಹೇಳುತ್ತಿದ್ದ ಗಂಡಸರ ಹೆಸರೆಲ್ಲ ನನಗೆ ಇವತ್ತಿಗೂ ಬಾಯಿಪಾಠ. ನಮ್ಮನ್ನು ಈ ಊರಿಗೆ ತಂದವಳ ಹೆಸರು ಏನೆಂದು ನನಗೆ ಗೊತ್ತಿಲ್ಲ.